ಶಿಬಿರಕ್ಕೆ ಕೆರೆ ಹುಡುಕುವುದೂ ಒಂದು ಪಾಠ

ಪೌರತ್ವ ತರಬೇತಿ ಶಿಬಿರದ ಸ್ಥಳ ಗೊತ್ತುಮಾಡುವ ಸಭೆಯಲ್ಲಿ ಪ್ರಶಿಕ್ಷಣಾರ್ಥಿಗಳ ಮೊದಲ ಬೇಡಿಕೆ, ಹತ್ತಿರದಲ್ಲಿ ನೀರಿರಬೇಕು ಎಂಬುದು. ಈಚೆಗೆ ಅದಕ್ಕೆ ಇನ್ನೊಂದು ಸೇರಿದೆ: ಬಂಡೆಯ ಮೇಲಿಂದ ಹಾರಲು ಬರುವಂಥ ಕೆರೆ ಬೇಕು. ಗಂಗಾವತಿ ತಾಲ್ಲೂಕಿನ ಸಾಣಾಪುರ ಕೆರೆಯ ವಿಡಿಯೊ ತೋರಿಸಿ, ‘ಇಲ್ಲಿಗೇ ಹೋಗೋಣ ಸರ್’ ಎನ್ನುತ್ತಾರೆ. ಬೋಧಕರ ಉತ್ತರವೂ ಸಿದ್ಧವಿರುತ್ತದೆ: ನೀರಿನ ತಂಟೆಯೇ ಬೇಡ. ನನಗೆ ಈ ಎರಡೂ ಒಪ್ಪಿಗೆಯಿಲ್ಲ.

ಬೇಡ ಎಂದು ಕೈತೊಳೆದುಕೊಳ್ಳುವುದು ನಮಗೆ ಸುಲಭ. ಆದರೆ ಇವರೇ ಮುಂದಿನ ವರ್ಷ ನಲವತ್ತು ಐವತ್ತು ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೆ ಕರೆದೊಯ್ಯುವವರು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡರು. ನೀರನ್ನು ನೋಡಿ ಅಳೆಯುವುದನ್ನು ಶಿಕ್ಷಕರು ತರಬೇತಿಯಲ್ಲಿ ಕಲಿಯದಿದ್ದರೆ ಇನ್ನೆಲ್ಲಿ ಕಲಿಯಬೇಕು?

ಹಾರುವ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಶಿಬಿರದಲ್ಲಿ ಅದು ಕೂಡದು. ಇಪ್ಪತ್ತು ಅಡಿ ಎತ್ತರದಿಂದ ಬಿದ್ದವರು ನೀರನ್ನು ಮುಟ್ಟುವಾಗ ಗಂಟೆಗೆ ಸುಮಾರು 39 ಕಿಲೋಮೀಟರ್ ವೇಗದಲ್ಲಿರುತ್ತಾರೆ. ವಿಜ್ಞಾನದವರು ಸೂತ್ರ ಹಾಕಿ ನೋಡಿಕೊಳ್ಳಬಹುದು. ಸಾಣಾಪುರದ ಕೆರೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನಂಟಿದೆ, ಕಾಲುವೆ ನೀರಿನ ಜೊತೆಗೆ ಅದರ ಮಟ್ಟವೂ ಏರಿಳಿಯುತ್ತದೆ. ಕಳೆದ ತಿಂಗಳ ವಿಡಿಯೊದಲ್ಲಿ ಆಳವಿದ್ದ ಕಡೆ ಇಂದು ಮೊಣಕಾಲುದ್ದದಲ್ಲೇ ಬಂಡೆ ಇರಬಹುದು. ಅದೇ ಊರಿನ ಹತ್ತಿರ ಹೊಳೆಯಲ್ಲಂತೂ ಸೆಳವಿನದೇ ಭಯ. 2025ರ ಫೆಬ್ರವರಿಯಲ್ಲಿ ಅಲ್ಲಿ ಬಂಡೆಯಿಂದ ತುಂಗಭದ್ರೆಗೆ ಹಾರಿದ ಹೈದರಾಬಾದಿನ ಯುವ ವೈದ್ಯೆ ಕೊಚ್ಚಿಹೋದರು. ಲೈಫ್ ಜಾಕೆಟ್ ತೊಟ್ಟು ತೆಪ್ಪದಲ್ಲಿ ಕೂರಲಿ, ಅಳೆದು ಗುರುತು ಮಾಡಿದ ಕಡೆ ಈಜಲಿ, ನನ್ನ ಅಡ್ಡಿಯಿಲ್ಲ.

ನಮ್ಮೂರ ಕೆರೆಗಳೂ ಸಾಧುವಲ್ಲ. ಹೂಳು, ಮಣ್ಣು ತೆಗೆದ ಕಡೆ ಜೆಸಿಬಿ ಗುಂಡಿಗಳಿರುತ್ತವೆ. ಹತ್ತು ಹೆಜ್ಜೆ ಮೊಣಕಾಲುದ್ದ, ಹನ್ನೊಂದನೆಯದು ಆಳುದ್ದ. ನೀರು ತಿಳಿಯಾಗಿದ್ದರೆ ಇನ್ನೊಂದು ಮೋಸ: ನೇರ ಮೇಲಿಂದ ನೋಡಿದರೂ ನಾಲ್ಕು ಅಡಿ ಮೂರೇ ಅಡಿಯಾಗಿ ಕಾಣುತ್ತದೆ. ಬಟ್ಟಲಿಗೆ ನಾಣ್ಯ ಹಾಕಿ ಬೆಳಕಿನ ವಕ್ರೀಭವನದ ಪಾಠವನ್ನು ಸೊಗಸಾಗಿ ಮಾಡುವ ಪ್ರಶಿಕ್ಷಣಾರ್ಥಿಗಳನ್ನು ಪ್ರತಿವರ್ಷ ನೋಡುತ್ತೇನೆ. ಅವರಲ್ಲಿ ಒಬ್ಬರ ಪಾಠ ಯೋಜನೆಯಲ್ಲೂ ಕೆರೆಯ ದಡದ ಮಾತು ಬಂದದ್ದಿಲ್ಲ.

ಆದ್ದರಿಂದ ನನ್ನ ಸಲಹೆ ಇದು. ಸ್ಥಳ ನೋಡಿಬರುವ ಕೆಲಸವನ್ನು ಒಬ್ಬ ಬೋಧಕರು ಬೈಕಿನಲ್ಲಿ ಹೋಗಿ ಮುಗಿಸಬಾರದು. ನಾಲ್ಕೈದು ಪ್ರಶಿಕ್ಷಣಾರ್ಥಿಗಳು ಜೊತೆಗಿರಲಿ. ಮೊದಲು ಮೀನು ಹಿಡಿಯುವವರನ್ನು, ಬಟ್ಟೆ ಒಗೆಯುವ ಹೆಂಗಸರನ್ನು ಮಾತಾಡಿಸಲಿ. ‘ಇಲ್ಲಿ ಯಾರಾದರೂ ಮುಳುಗಿದ್ದುಂಟಾ ಅಕ್ಕಾ, ಯಾವ ಮಗ್ಗುಲಲ್ಲಿ?’ ಎಂದು ಕೇಳಿದರೆ ಫಲಕದಲ್ಲಿ ಬರೆಯದ್ದೂ ತಿಳಿಯುತ್ತದೆ. ತುಂಗಭದ್ರೆಯ ಸೀಮೆಯಾದರೆ ಮೊಸಳೆಯ ವಿಷಯವನ್ನೂ ಕೇಳಬೇಕು. ಆಮೇಲೆ ಊರಿನವರ ತೆಪ್ಪದಲ್ಲಿ ಕೂತು, ಅಡಿ ಗುರುತು ಮಾಡಿದ ಬಿದಿರ ಗಳದಿಂದ ಆಳ ಅಳೆದು ನಕಾಶೆ ಬರೆಯಲಿ. ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, 108 ವಾಹನ ಯಾವ ದಾರಿಯಲ್ಲಿ ಬರಬೇಕು ಎಂಬುದೂ ಅದರಲ್ಲಿರಲಿ. ಡೇರೆ ಹಾಕುವುದು ದಡದಿಂದ ದೂರ, ಎತ್ತರದ ಜಾಗದಲ್ಲಿ. ರಾತ್ರಿ ಕಣ್ಣು ಮಂಪರಿನಲ್ಲಿ ಎದ್ದುಹೋಗುವವರು ಇದ್ದೇ ಇರುತ್ತಾರೆ.

ಇನ್ನೊಂದನ್ನು ಸೂಕ್ಷ್ಮಬೋಧನೆಯ ಕೌಶಲದಷ್ಟೇ ಅಭ್ಯಾಸ ಮಾಡಿಸಬೇಕು. ಮುಳುಗುತ್ತಿರುವವರು ಸಾಮಾನ್ಯವಾಗಿ ಕೂಗುವುದಿಲ್ಲ; ಬಾಯಿ ನೀರಿನ ಮಟ್ಟದಲ್ಲಿದ್ದಾಗ ಉಸಿರಿಗೇ ಸಾಲದು, ಕೂಗುವುದೆಲ್ಲಿಂದ? ಅವರನ್ನು ಕಂಡು ಗೆಳೆಯ ಧುಮುಕುತ್ತಾನೆ, ಅವನ ಹಿಂದೆ ಇನ್ನೊಬ್ಬ. ಒಂದೇ ಕೆರೆಯಲ್ಲಿ ಮೂರು ನಾಲ್ಕು ಜನ ಹೋದ ಸುದ್ದಿಗಳ ಹಿಂದೆ ಹಲವು ಸಲ ಇರುವುದು ಇದೇ. ಧುಮುಕದೆ, ದಡದಲ್ಲಿ ನಿಂತು ಹಗ್ಗವನ್ನೋ ಗಾಳಿ ತುಂಬಿದ ಟ್ಯೂಬನ್ನೋ ಎಸೆಯಲು ಕೈ ಪಳಗಬೇಕು. ಕಾಲೇಜಿನ ಮೈದಾನದಲ್ಲೇ ಕಲಿಸಬಹುದಾದ ವಿದ್ಯೆ ಇದು.

ಪಠ್ಯಕ್ರಮವೇ ಮುಗಿಯುತ್ತಿಲ್ಲ, ಇದಕ್ಕೆಲ್ಲ ಅಂಕವೆಲ್ಲಿ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಶಿಬಿರದ ವರದಿಗೆ ಅಂಕ ಕೊಡುತ್ತಿದ್ದೇವಲ್ಲ. ಅದರಲ್ಲಿ ಗುಂಪು ಫೋಟೊಗಳ ನಾಲ್ಕು ಪುಟ ಕಡಿಮೆ ಮಾಡಿ, ಆಳದ ನಕಾಶೆಯನ್ನೂ ವಿಚಾರಿಸಿದವರು ಹೇಳಿದ್ದನ್ನೂ ಕೇಳೋಣ. ಅಳೆದ ಮೇಲೆ ‘ಈ ಕೆರೆ ಬೇಡ ಸರ್’ ಎಂದು ಅವರೇ ಬರೆದು ತಂದರೆ, ಆ ವರದಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ.