ಟರ್ಮಿನಲ್ ಚೆಂದ, ಟವರ್ ಕತೆ ಏನು?

ಬೆಂಗಳೂರು ಏರ್‌ಪೋರ್ಟಿನ ಎರಡನೇ ಟರ್ಮಿನಲ್ ನೋಡಿ ಬಂದವರೆಲ್ಲ ಹೇಳೋದು ಒಂದೇ ಮಾತು: ಅಬ್ಬಾ, ಏನು ಚೆಂದ! ಬಿದಿರಿನ ಚಾವಣಿ, ತೂಗುಬಿಟ್ಟ ಗಿಡಗಳು, ಒಳಗೇ ಜಲಪಾತ. ಶಿವಮೊಗ್ಗದ ಟರ್ಮಿನಲ್ ಕಮಲದ ಆಕಾರದಲ್ಲಿದೆ ಅನ್ನೋದರ ಬಗ್ಗೆಯೂ ನಾವು ಬೇಕಾದಷ್ಟು ಚರ್ಚೆ ಮಾಡಿದ್ದೇವೆ. ಆದರೆ ಇಂಜಿನಿಯರಿಂಗ್ ಓದ್ತಿರೋ ನಾವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ವಿಮಾನ ಮೇಲೆದ್ದ ಮೇಲೆ ಅದನ್ನು ನೋಡಿಕೊಳ್ಳೋರು ಯಾರು? ಅವರ ಕೈಯಲ್ಲಿರೋ ಸಲಕರಣೆ ಎಂಥದ್ದು?

ಉತ್ತರ: ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ, ಅಂದರೆ ಎಎಐ. 1995ರ ಏಪ್ರಿಲ್ 1ರಂದು ಎರಡು ಸಂಸ್ಥೆಗಳನ್ನು ಸೇರಿಸಿ ಇದನ್ನು ಮಾಡಲಾಯಿತು. ಇದರ ತಲೆ ಮೇಲೆ ಎರಡು ಕೆಲಸ. ಒಂದು, 130ಕ್ಕೂ ಹೆಚ್ಚು ನಿಲ್ದಾಣಗಳ ಉಸ್ತುವಾರಿ. ಇನ್ನೊಂದು, ಸುಮಾರು 28 ಲಕ್ಷ ಚದರ ನಾಟಿಕಲ್ ಮೈಲಿ ಆಕಾಶದಲ್ಲಿ ವಿಮಾನ ಸಂಚಾರದ ನಿಯಂತ್ರಣ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಮುದ್ರದ ಮೇಲಿನ ಆಕಾಶ.

ಬೆಂಗಳೂರು ನಿಲ್ದಾಣ 2008ರಲ್ಲಿ ಶುರುವಾದಾಗಿನಿಂದ ಅದನ್ನು ನಡೆಸ್ತಿರೋದು ಬಿಐಎಎಲ್. ಮಂಗಳೂರು 2020ರಲ್ಲಿ 50 ವರ್ಷದ ಗುತ್ತಿಗೆಗೆ ಅದಾನಿ ಗುಂಪಿಗೆ ಹೋಯಿತು. ಶಿವಮೊಗ್ಗವನ್ನು ರಾಜ್ಯ ಸರ್ಕಾರವೇ ನಡೆಸುತ್ತಿದೆ. ಬೀದರ್‌ನಲ್ಲಿ ರನ್‌ವೇ ವಾಯುಪಡೆಯದ್ದು. ಹೀಗೆ ಕಟ್ಟಡಕ್ಕೆ ಮಾಲೀಕರು ಬೇರೆ ಬೇರೆ. ಆದರೆ ಬೆಂಗಳೂರು, ಮಂಗಳೂರಿನಂಥ ಖಾಸಗಿ ನಿಲ್ದಾಣದ ಟವರ್‌ನಲ್ಲೂ ಕೂತಿರೋದು ಎಎಐ ನೌಕರರೇ. ಅಂದರೆ ದೇಶದ ನಿಲ್ದಾಣಗಳನ್ನೆಲ್ಲ ಒಂದು ಜಾಲವಾಗಿ ಹಿಡಿದಿಟ್ಟಿರೋದು ಗಾಜಿನ ಕಟ್ಟಡಗಳಲ್ಲ. ಸಂವಹನ, ಪಥದರ್ಶನ, ಕಣ್ಗಾವಲು ಅನ್ನೋ ಮೂರು ವ್ಯವಸ್ಥೆಗಳು ಮತ್ತು ಅವುಗಳ ಮುಂದೆ ಕೂತ ಮನುಷ್ಯರು.

ನನ್ನ ವಾದ ಇಷ್ಟೇ: ನಮ್ಮ ಗಮನ, ಹಣ, ಹೆಮ್ಮೆ ಎಲ್ಲವೂ ಮೊದಲು ಈ ಕಾಣದ ಭಾಗಕ್ಕೆ ಹೋಗಬೇಕು. ರಿಬ್ಬನ್ ಕತ್ತರಿಸೋದು ಆಮೇಲೆ.

ಯಾಕೆ ಅಂತೀರಾ? 1996ರ ನವೆಂಬರ್ 12. ದೆಹಲಿ ಹತ್ತಿರದ ಚರ್ಖಿ ದಾದ್ರಿ ಮೇಲೆ ಸೌದಿಯ ಬೋಯಿಂಗ್ 747 ಮತ್ತು ಕಝಾಕಿಸ್ತಾನದ ಇಲ್ಯೂಷಿನ್ ವಿಮಾನ ಡಿಕ್ಕಿ ಹೊಡೆದವು. ಎರಡರಲ್ಲೂ ಇದ್ದ 349 ಜನ ಸತ್ತರು. 15,000 ಅಡಿಯಲ್ಲಿ ಇರಬೇಕಿದ್ದ ಕಝಾಕ್ ವಿಮಾನ ಇನ್ನೂ ಕೆಳಗಿಳಿದದ್ದೇ ಕಾರಣ ಅಂತ ತನಿಖೆ ಹೇಳಿತು. ಸರಿ. ಆದರೆ ಅವತ್ತು ಕಂಟ್ರೋಲರ್ ಮುಂದಿದ್ದದ್ದು ಬರೀ ಪ್ರೈಮರಿ ರಾಡಾರ್. ವಿಮಾನ ಎಷ್ಟು ದೂರ, ಯಾವ ದಿಕ್ಕು ಅಂತ ಅದು ತೋರಿಸುತ್ತೆ; ಎಷ್ಟು ಎತ್ತರ ಅಂತ ತೋರಿಸಲ್ಲ. ಎತ್ತರ ಗೊತ್ತಾಗಬೇಕಾದರೆ ಪೈಲಟ್ ಬಾಯಲ್ಲಿ ಹೇಳಬೇಕು. ವಿಮಾನದ ಟ್ರಾನ್ಸ್‌ಪಾಂಡರ್‌ನಿಂದ ಎತ್ತರ ಕೇಳಿ ತಿಳಿಯೋ ಸೆಕೆಂಡರಿ ರಾಡಾರ್ ಆಗಲೇ ಹೊಸ ವಿಷಯವೇನೂ ಆಗಿರಲಿಲ್ಲ. ಅಪಘಾತದ ಆನಂತರ ವಿಮಾನಗಳಲ್ಲಿ ಡಿಕ್ಕಿ ತಪ್ಪಿಸೋ ಉಪಕರಣ ಕಡ್ಡಾಯವಾಯಿತು, ಬರೋ ಹೋಗೋ ದಾರಿಗಳು ಬೇರೆಯಾದವು. ನಮ್ಮಲ್ಲಿ ಬುದ್ಧಿ ಬರೋದಕ್ಕೆ ಕೊಡೋ ಬೆಲೆ ಒಮ್ಮೊಮ್ಮೆ ಇಷ್ಟು ದುಬಾರಿ.

ಈಗ ಹಾಗಿಲ್ಲ ಅಂತೀರಾ? ಒಪ್ತೀನಿ. ಅಂತರರಾಷ್ಟ್ರೀಯ ಸಂಸ್ಥೆ ಐಸಿಎಒ ಮಾಡಿದ ಸುರಕ್ಷತಾ ಆಡಿಟ್‌ನಲ್ಲಿ 2018ರಲ್ಲಿ 69.95% ಇದ್ದ ನಮ್ಮ ಅಂಕ 2022ರಲ್ಲಿ 85.65%ಕ್ಕೆ ಏರಿತು. ಆದರೆ 2025ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ಆದದ್ದು ನೆನಪಿರಬೇಕಲ್ಲ? ಫ್ಲೈಟ್ ಪ್ಲಾನ್ ಸಂದೇಶಗಳನ್ನು ರವಾನಿಸೋ ಎಎಂಎಸ್ಎಸ್ ಅನ್ನೋ ವ್ಯವಸ್ಥೆ ಕೈಕೊಟ್ಟಿತು. ಕಂಟ್ರೋಲರ್‌ಗಳು ಒಂದೊಂದೇ ಫ್ಲೈಟ್ ಪ್ಲಾನನ್ನು ಕೈಯಾರೆ ನಿಭಾಯಿಸಿದರು. 800ಕ್ಕೂ ಹೆಚ್ಚು ವಿಮಾನಗಳು ತಡವಾದವು. ಯಾರಿಗೂ ಪ್ರಾಣಾಪಾಯ ಆಗಲಿಲ್ಲ ಅಂದ್ರೆ ಅದರ ಶ್ರೇಯಸ್ಸು ಆ ಮನುಷ್ಯರಿಗೆ ಸಲ್ಲಬೇಕು.

ಇದು ನಮ್ಮ ದೇಶದ ಸಮಸ್ಯೆ ಮಾತ್ರ ಅಲ್ಲ. 2023ರ ಆಗಸ್ಟ್ 28ರಂದು ಬ್ರಿಟನ್‌ನಲ್ಲಿ ಒಂದೇ ಒಂದು ಫ್ಲೈಟ್ ಪ್ಲಾನ್ ಇಡೀ ವ್ಯವಸ್ಥೆಯನ್ನು ನಿಲ್ಲಿಸಿತು. ಅದರಲ್ಲಿ ಒಂದೇ ಸಂಕೇತದ ಎರಡು ಜಾಗಗಳಿದ್ದವು: ಒಂದು ಅಮೆರಿಕದ್ದು, ಒಂದು ಫ್ರಾನ್ಸಿನದ್ದು. ಸಾಫ್ಟ್‌ವೇರ್‌ಗೆ ಗೊಂದಲವಾಯಿತು, ಸುರಕ್ಷತೆಗಾಗಿ ಕೆಲಸ ನಿಲ್ಲಿಸಿತು. ಬ್ಯಾಕಪ್ ಇರಲಿಲ್ವಾ? ಇತ್ತು. ಅದರಲ್ಲೂ ಅದೇ ಸಾಫ್ಟ್‌ವೇರ್. ಅದೇ ಡೇಟಾ ತಿಂದು ಅದೂ ಮಲಗಿತು. 7 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ತೊಂದರೆಗೆ ಸಿಕ್ಕಿದರು. ಪರೀಕ್ಷೆಯಲ್ಲಿ ರಿಡಂಡೆನ್ಸಿ ಅಂದ್ರೆ ಏನು ಅಂತ ಎರಡು ಮಾರ್ಕ್ಸಿಗೆ ಬರೀತೀವಲ್ಲ, ಅದರ ನಿಜವಾದ ಅರ್ಥ ಇಲ್ಲಿದೆ. ಒಂದೇ ತಪ್ಪನ್ನು ಎರಡು ಸಲ ಕಾಪಿ ಮಾಡಿಟ್ಟರೆ ಅದು ಬ್ಯಾಕಪ್ ಅಲ್ಲ.

ಹಾಗಾದರೆ ಏನು ಮಾಡಬೇಕು? ಮೂರು ಮಾತು ಹೇಳ್ತೀನಿ.

ಮೊದಲನೆಯದು ಹಣದ ವಿಚಾರ. ನಮ್ಮ ಆಕಾಶ ಬಳಸಿದ್ದಕ್ಕೆ ವಿಮಾನ ಕಂಪನಿಗಳು ಎಎಐಗೆ ಶುಲ್ಕ ಕಟ್ಟುತ್ತವೆ. ಆ ಹಣದ ಲೆಕ್ಕ ಪ್ರತ್ಯೇಕವಾಗಿರಲಿ. ಮೊದಲು ರಾಡಾರ್, ಸಾಫ್ಟ್‌ವೇರ್, ಸಿಬ್ಬಂದಿ ತರಬೇತಿಗೆ ಹೋಗಲಿ, ಉಳಿದರೆ ಕಟ್ಟಡಕ್ಕೆ. ಸಣ್ಣ ಊರಿಗೆ ವಿಮಾನ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಉಡಾನ್ ಯೋಜನೆಯ ಬಗ್ಗೆ ಸಿಎಜಿ 2023ರಲ್ಲಿ ಕೊಟ್ಟ ವರದಿ ನೋಡಿ. ಮೊದಲ ಮೂರು ಸುತ್ತಿನಲ್ಲಿ ಕೊಟ್ಟ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ರಿಯಾಯಿತಿಯ ಮೂರು ವರ್ಷ ಮುಗಿದ ಮೇಲೂ ಉಳಿದದ್ದು 54 ಮಾತ್ರ. ಕಟ್ಟಡ ಕಟ್ಟಿದ ಮಾತ್ರಕ್ಕೆ ವಿಮಾನ ಬರಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ಎರಡನೆಯದು, ಸಣ್ಣ ನಿಲ್ದಾಣಕ್ಕೆ ಸರಿಯಾದ ತಂತ್ರಜ್ಞಾನ. ಇಸ್ರೋ ಮತ್ತು ಎಎಐ ಸೇರಿ ಮಾಡಿದ ಗಗನ್ ಅನ್ನೋ ವ್ಯವಸ್ಥೆ ಜಿಪಿಎಸ್ ಸಂಕೇತದ ದೋಷ ತಿದ್ದಿ, ಉಪಗ್ರಹದ ಮೂಲಕ ವಿಮಾನಕ್ಕೆ ಕಳಿಸುತ್ತೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋದ ಎಟಿಆರ್ ವಿಮಾನ ಇದನ್ನು ಬಳಸಿ ಇಳಿಯಿತು. ರನ್‌ವೇ ಪಕ್ಕ ದುಬಾರಿ ಐಎಲ್ಎಸ್ ಉಪಕರಣ ಇಲ್ಲದ ಊರಿಗೂ ಇದರಿಂದ ನಿಖರ ಮಾರ್ಗದರ್ಶನ ಸಿಗುತ್ತೆ. ಇದರ ಮುಖ್ಯ ನಿಯಂತ್ರಣ ಕೇಂದ್ರ ಎಲ್ಲಿದೆ ಗೊತ್ತಾ? ನಾವು ಟ್ರಾಫಿಕ್ ಅಂತ ಬೈಕೊಂಡು ದಾಟೋ ಬೆಂಗಳೂರಿನ ಕುಂದಲಹಳ್ಳಿಯಲ್ಲಿ! ಕಮಲದ ಚಾವಣಿಯಷ್ಟೇ ಇದೂ ನಮ್ಮ ಹೆಮ್ಮೆಯ ಪಟ್ಟಿಯಲ್ಲಿ ಇರಬೇಕು.

ಮೂರನೆಯದು, ಬಚ್ಚಿಡಬೇಡಿ. ಬ್ರಿಟನ್ನಿನ ವೈಫಲ್ಯದ ತಾಂತ್ರಿಕ ವರದಿಯನ್ನು ಇವತ್ತು ಯಾರು ಬೇಕಾದರೂ ಓದಬಹುದು. ನಮ್ಮಲ್ಲೂ ದೊಡ್ಡ ವೈಫಲ್ಯ ಆದಾಗಲೆಲ್ಲ ನಿಗದಿತ ದಿನದೊಳಗೆ ಪೂರ್ತಿ ವರದಿ ಹೊರಬರಲಿ, ನಿಯಮವೇ ಆಗಲಿ. ಯಾರನ್ನೋ ಸಸ್ಪೆಂಡ್ ಮಾಡೋಕಲ್ಲ, ಅದೇ ತಪ್ಪು ಮುಂಬೈಯಲ್ಲೋ ಚೆನ್ನೈಯಲ್ಲೋ ಮರುಕಳಿಸದಿರಲಿ ಅಂತ. ಭದ್ರತೆಯ ಕಾರಣಕ್ಕೆ ಕೆಲವು ವಿವರ ಮುಚ್ಚಿಡಬೇಕಾಗಬಹುದು. ಆದರೆ ಕಾರಣವನ್ನೇ ಮುಚ್ಚಿಟ್ಟರೆ ಕಲಿಯೋದು ಯಾರು?

ಕೊನೆಗೆ ನಮ್ಮ ವಿಷಯ. ಎಎಐನ ಕಂಟ್ರೋಲರ್ ಹುದ್ದೆಗೆ ಯಾವ ಬ್ರಾಂಚಿನ ಬಿಇ ಆದರೂ ನಡೆಯುತ್ತೆ. ಯಾವುದಾದರೊಂದು ಸೆಮಿಸ್ಟರ್‌ನಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿರಬೇಕು. ರಾಡಾರ್, ರೇಡಿಯೋ ನೋಡಿಕೊಳ್ಳೋಕೆ ಎಲೆಕ್ಟ್ರಾನಿಕ್ಸ್‌ನವರು ಬೇಕು. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಪ್ಯಾಕೇಜ್ ಎಷ್ಟು ಅಂತ ಕೇಳೋದು ತಪ್ಪಲ್ಲ, ನಾನೂ ಕೇಳ್ತೀನಿ. ಆದರೆ ನೂರಾರು ಜೀವ ಹೊತ್ತ ಎರಡು ಚುಕ್ಕೆಗಳು ಸ್ಕ್ರೀನ್ ಮೇಲೆ ಹತ್ತಿರ ಬರೋವಾಗ ಶಾಂತವಾಗಿ ಒಂದು ಸೂಚನೆ ಕೊಡೋ ಕೆಲಸವೂ ಇಂಜಿನಿಯರ್ ಮಾಡಬಹುದಾದ ಕೆಲಸವೇ. ಅದನ್ನೂ ಒಮ್ಮೆ ಯೋಚನೆ ಮಾಡಿ. ಇನ್ನು ಮುಂದೆ ವಿಮಾನ ಹೊತ್ತಿಗೆ ಸರಿಯಾಗಿ ಇಳಿದರೆ ಪೈಲಟ್‌ಗೆ ಮಾತ್ರ ಥ್ಯಾಂಕ್ಸ್ ಹೇಳಬೇಡಿ. ಟವರ್‌ನಲ್ಲಿ ಕೂತವರಿಗೂ ಅದರಲ್ಲಿ ಪಾಲಿದೆ.