'ರಕ್ತದ ಗುಣ' ಅನ್ನೋ ಮೊದಲು

ಸಾಕುಮಗ ಊಟದ ತಟ್ಟೆ ಎಸೆದ ಅಂದ್ರೆ ಸಾಕು, ಊರಿಗೆಲ್ಲ ಕಾರಣ ಗೊತ್ತಿರುತ್ತೆ. 'ಯಾರ ರಕ್ತವೋ ಏನೋ, ಹುಟ್ಟುಗುಣ ಎಲ್ಲಿಗೆ ಹೋಗುತ್ತೆ' ಅಂತ ಅರಳಿಕಟ್ಟೆಯಲ್ಲಿ ತೀರ್ಪು ಬಂದುಬಿಡುತ್ತೆ. ಅದೇ ತಟ್ಟೆಯನ್ನು ಹೆತ್ತ ಮಗ ಎಸೆದರೆ 'ಸ್ವಲ್ಪ ಮುಂಗೋಪ, ಥೇಟ್ ಅವರಪ್ಪನೇ' ಅಂತ ನಗುತ್ತಾರೆ. ಈ ಎರಡು ತಕ್ಕಡಿಯ ಬಗ್ಗೆ ನಮ್ಮ ತಕರಾರು.

ದತ್ತು ನಮಗೇನು ಹೊಸದಲ್ಲ. ಶಿವಲಿಂಗಪ್ಪನ ದತ್ತನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ ಅಂತಲೇ ಕಿತ್ತೂರು ಚೆನ್ನಮ್ಮ 1824ರಲ್ಲಿ ಯುದ್ಧಕ್ಕಿಳಿದದ್ದು. ಆಕೆಯ ಪಟಕ್ಕೆ ಹಾರ ಹಾಕಿ, ಮನೆಗೆ ಬಂದು ಪಕ್ಕದ ಮನೆಯ ಹುಡುಗನಿಗೆ 'ನೀನು ತಂದ ಕೂಸು' ಅಂತೀವಿ. ಕರ್ಣನ ಆಟ ನೋಡಿ ಬೆಳಗಿನ ಜಾವದವರೆಗೆ ಕಣ್ಣೊರೆಸಿಕೊಳ್ಳೋರೂ ನಾವೇ. ರಾಧೆ ಅವನನ್ನು ಎದೆಗವಚಿಕೊಂಡು ಬೆಳೆಸಿದಳು. ಅವನನ್ನು ಉರಿಸಿದ್ದು ತುಂಬಿದ ಸಭೆಯಲ್ಲಿ ಜನ ಅಂದ 'ಸೂತಪುತ್ರ' ಅನ್ನೋ ಮಾತು. ಆಟ ಮುಗಿದ ಮೇಲೆ ಇದು ಯಾರಿಗೂ ನೆನಪಿರೋದಿಲ್ಲ.

ಮಗುವಿಗೆ ಸಿಟ್ಟು ಯಾಕೆ ಬರುತ್ತೆ? ಕೈಯಿಂದ ಕೈಗೆ ದಾಟಿ ಬಂದ ಮಗುವಿಗೆ ಒಂದು ಅನುಮಾನ ಇರುತ್ತೆ: ಇವರೂ ಬಿಟ್ಟುಬಿಡ್ತಾರಾ? 'ನನಗೆ ಭಯ' ಅಂತ ಹೇಳೋಕೆ ಆರೇಳು ವರ್ಷದ ಕೂಸಿಗೆ ಬರೋದಿಲ್ಲ. ಅದು ಬಾಗಿಲು ಒದೆಯುತ್ತೆ, ಪುಸ್ತಕ ಹರಿಯುತ್ತೆ, ರೊಟ್ಟಿ ಕದ್ದು ಹಾಸಿಗೆ ಕೆಳಗಿಡುತ್ತೆ, 'ನೀನು ನನ್ನ ಅಮ್ಮ ಅಲ್ಲ' ಅನ್ನುತ್ತೆ. ಶಾಲೆಯಲ್ಲಿ ಮೆತ್ತಗೆ ಕೂತ ಹುಡುಗಿ ಮನೆಗೆ ಬಂದು ಅಮ್ಮನ ಮೇಲೇ ಎಗರೋದುಂಟು. ಅಮ್ಮನಿಗೆ ಹೊಟ್ಟೆ ಉರಿಯುತ್ತೆ, ಸಹಜ. ಆದರೆ ಎಷ್ಟು ಕಿರುಚಿದರೂ ತಡೆದುಕೊಳ್ಳೋ ಜಾಗ ಯಾವುದು ಅಂತ ಮಗು ಹುಡುಕಿಕೊಂಡಿರುತ್ತೆ, ಆ ಜಾಗ ಅವಳೇ ಆಗಿರ್ತಾಳೆ.

ಆ ಹೊತ್ತಲ್ಲಿ ದೊಡ್ಡವರ ಬಾಯಿಂದ ಬರೋ ಮಾತು ಒಂದಿದೆ: 'ಸುಮ್ಮನಿರ್ತೀಯೋ, ಆಶ್ರಮಕ್ಕೇ ವಾಪಸ್ ಬಿಟ್ಟು ಬರ್ಲೋ?' ನಾವು ಈ ಬರಹ ಬರೀತಿರೋದೇ ಈ ಒಂದು ಮಾತಿಗಾಗಿ. ಬೇರೆ ಮಕ್ಕಳಿಗೆ ಅದು ಗುಮ್ಮನ ಕಥೆ, ಈ ಮಗುವಿಗೆ ಒಂದು ಸಲ ನಡೆದುಹೋದ ಸಂಗತಿ. ಹೊಡೆತಕ್ಕಿಂತ ಕೆಟ್ಟದ್ದು ಅದು. ಹಾಗಂತ ಹೊಡೀಬಹುದು ಅಂತಲ್ಲ. ಮುಂಚೆ ಎಲ್ಲೋ ಪೆಟ್ಟು ತಿಂದು ಬಂದ ಮಗುವಿಗೆ ನಿಮ್ಮ ಕೈಯೂ ಅದೇ ಕೈಯಾಗಿ ಕಾಣುತ್ತೆ. ಕಾನೂನನ್ನೂ ಕೇಳಿ: 1956ರ ಹಿಂದೂ ದತ್ತಕ ಕಾಯ್ದೆಯಡಿ ಕ್ರಮವಾಗಿ ಆದ ದತ್ತನ್ನು ತಂದೆತಾಯಿ ರದ್ದು ಮಾಡೋ ಹಾಗಿಲ್ಲ. ಬೆದರಿಕೆಯೂ ಸುಳ್ಳು.

ಏನು ಮಾಡಬೇಕು ಅಂತೀರಾ? ಸಿಟ್ಟು ಏರಿದಾಗ ಬುದ್ಧಿ ಹೇಳಬೇಡಿ, ಕಿವಿಗೆ ಹೋಗೋದಿಲ್ಲ. ಕೈಗೆ ಸಿಗೋ ಕುಡುಗೋಲು, ಗಾಜು ಸರಿಸಿ, ದನಿ ಇಳಿಸಿ, ಹತ್ತಿರದಲ್ಲೇ ಕೂತಿರಿ. ಇಳಿದ ಮೇಲೆ 'ತಟ್ಟೆ ಎಸೆದದ್ದು ತಪ್ಪು, ಬಾ ಇಬ್ಬರೂ ಬಳಿಯೋಣ. ನೀನು ಸಿಟ್ಟು ಮಾಡಿದರೂ ನಮ್ಮವನೇ' ಅನ್ನಿ. ಒಂದು ದಿನಕ್ಕೆ ನಂಬೋದಿಲ್ಲ, ನೂರು ಸಲ ಹೇಳಬೇಕು. ಅಪ್ಪಂದಿರು ಆ ಹೊತ್ತಿಗೆ ಸರಿಯಾಗಿ ಹೊಲದ ಕಡೆ ನೆನಪು ಮಾಡಿಕೊಂಡು ಹೊರಡ್ತಾರಲ್ಲ, ಅದೂ ನಿಲ್ಲಬೇಕು. ಅವಳೊಬ್ಬಳೇ ಎಷ್ಟು ಅಂತ ತಡೀತಾಳೆ?

ಇನ್ನು ಗುಟ್ಟು. 'ದೊಡ್ಡವನಾದ ಮೇಲೆ ಹೇಳೋಣ' ಅಂತ ಮುಚ್ಚಿಡ್ತೀರಿ. ಊರಲ್ಲಿ ನಿಮ್ಮ ಮಗುವನ್ನು ಬಿಟ್ಟು ಎಲ್ಲರಿಗೂ ಅದು ಗೊತ್ತು! ಮದುವೆ ಮನೆಯಲ್ಲೋ, ಜಮೀನಿನ ಜಗಳದಲ್ಲೋ ದಾಯಾದಿಯೊಬ್ಬ ಹೇಳಿಬಿಡ್ತಾನೆ. ಆಮೇಲೆ ಬರೋ ಸಿಟ್ಟಿಗೆ ನ್ಯಾಯ ಇದೆ. ಮೂರು-ನಾಲ್ಕು ವರ್ಷಕ್ಕೇ, ಕಥೆ ಹೇಳೋ ಹಾಗೆ, ನೀವೇ ಹೇಳಿ.

ಸರ್ಕಾರಕ್ಕೂ ಒಂದು ಮಾತು. ದತ್ತು ಕೊಟ್ಟ ಮೇಲೆ ಆರು ತಿಂಗಳಿಗೊಮ್ಮೆ ಬಂದು ವಿಚಾರಿಸಬೇಕು ಅಂತ ನಿಯಮ ಇದೆ, ಅದೂ ಎರಡು ವರ್ಷ ಮಾತ್ರ. ವರ್ಷದ ಕೂಸು ತಂದವರಿಗೆ ಅದಕ್ಕೆ ಮೂರು ತುಂಬೋ ಹೊತ್ತಿಗೆ ಲೆಕ್ಕ ಮುಗೀತು. 'ನನ್ನ ಯಾಕೆ ಬಿಟ್ಟರು' ಅನ್ನೋ ಪ್ರಶ್ನೆ ಏಳೋದು ಹತ್ತು-ಹನ್ನೆರಡಕ್ಕೆ. ಆಗ ಯಾರೂ ಬರೋದಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇರೋದು ಜಿಲ್ಲಾ ಕೇಂದ್ರದಲ್ಲಿ. ಕೂಲಿ ಬಿಟ್ಟು, ಎರಡು ಬಸ್ ಹಿಡಿದು ಹೋಗಬೇಕು. ಮಗುವಿಗೆ ಹದಿನೆಂಟು ಆಗುವವರೆಗೆ ಈ ಮನೆಗಳಿಗೆ ಆಪ್ತ ಸಲಹೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಲಿ ಅನ್ನೋದು ನಮ್ಮ ಒತ್ತಾಯ. ಅಲ್ಲಿವರೆಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಗುವಿನ ಬಗ್ಗೆಯಷ್ಟೇ ಅಲ್ಲ, ಸುಸ್ತಾಗಿ ಕೂತ ಅಮ್ಮನೂ ತನಗಾಗಿಯೇ ಕರೆ ಮಾಡಬಹುದು.