ನಮ್ಮ ಹರಕು ಇಂಗ್ಲಿಷು, ಪರದೇಶದ ಗೆಳೆಯರು

ಪದವಿ ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಮಣಿಪುರದ ಹುಡುಗನೊಬ್ಬನಿದ್ದ. ಮೂಡುಬಿದಿರೆ ಕಡೆಯವರಿಗೆ ಇದು ಹೊಸತಲ್ಲ, ಅಲ್ಲಿಯ ಪೇಟೆಯಲ್ಲಿ ಮಣಿಪುರದ ಮಕ್ಕಳನ್ನು ಎಲ್ಲರೂ ಕಂಡಿದ್ದೀರಿ. ಬಸ್ಸಿನಲ್ಲಿ ಉಪಯೋಗಕ್ಕೆ ಬರಲಿ ಎಂದು ನಾವು ಅವನಿಗೆ ಮೊದಲು ಕಲಿಸಿದ್ದು ‘ಇಳೀಲಿಕ್ಕುಂಟು’. ಅವನು ಮರುದಿನ ಹೋಟೆಲಿಗೆ ಹೋಗಿ ‘ಊಟ ಇಳೀಲಿಕ್ಕುಂಟು’ ಎಂದ. ಗಲ್ಲೆಯಲ್ಲಿ ಕೂತವರು ನಕ್ಕರು, ನಾವು ನಕ್ಕೆವು, ವಿಷಯ ಗೊತ್ತಾದ ಮೇಲೆ ಎಲ್ಲರಿಗಿಂತ ಜಾಸ್ತಿ ನಕ್ಕದ್ದು ಅವನೇ. ಅವನ ಇಂಗ್ಲಿಷೂ ನಮ್ಮ ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೂ ಗೆಳೆತನ ಗಟ್ಟಿಯಾಯಿತು.

ಇದು ಈಗ ನೆನಪಾಗಲು ಕಾರಣ ಉಂಟು. ನಮ್ಮ ಬಳಗದ ಪರಿಚಯದವರೊಬ್ಬರು ಇಂಗ್ಲಿಷ್ ಎಂ.ಎ. ಮಾಡಿ ಅತಿಥಿ ಉಪನ್ಯಾಸಕಿಯಾಗಿದ್ದಾರೆ. ಅಮೆರಿಕದ ಕಾಲೇಜಿಗೆ ಭಾಷಾ ಬೋಧನಾ ಸಹಾಯಕರಾಗಿ ಹೋಗುವ ಫುಲ್‌ಬ್ರೈಟ್ ಯೋಜನೆಗೆ ಅರ್ಜಿ ಹಾಕಿ ಎಂದು ನಾವು ಹೇಳಿದೆವು. ಅವರ ಉತ್ತರ: ‘ಕಲಿಸಲಿಕ್ಕೆ ಹೆದರಿಕೆ ಇಲ್ಲ. ಆದರೆ ಅಲ್ಲಿ ಯಾರ ಹತ್ತಿರ ಮಾತಾಡುವುದು ಮಾರಾಯ್ರೆ? ಒಂದು ಜನ ಗೊತ್ತಿಲ್ಲ.’

ಈ ಹೆದರಿಕೆಗೆ ಬುಡವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಕೆಲಸ ಏನೆಂದು ಮೊದಲು ನೋಡಿ. ಸುಮಾರು ಒಂಬತ್ತು ತಿಂಗಳು, ಅಂದರೆ ಒಂದು ಶೈಕ್ಷಣಿಕ ವರ್ಷ. ವಾರಕ್ಕೆ ಹೆಚ್ಚೆಂದರೆ 20 ಗಂಟೆ ನಿಮ್ಮ ಮಾತೃಭಾಷೆಯನ್ನು ಅಲ್ಲಿಯ ವಿದ್ಯಾರ್ಥಿಗಳಿಗೆ ಕಲಿಸುವುದು, ಅಥವಾ ಕಲಿಸುವ ಪ್ರಾಧ್ಯಾಪಕರಿಗೆ ನೆರವಾಗುವುದು. ಜೊತೆಗೆ ಒಂದೆರಡು ವಿಷಯಗಳನ್ನು ನೀವೂ ತರಗತಿಯಲ್ಲಿ ಕೂತು ಓದಬೇಕು. ಬೆಳಿಗ್ಗೆ ಟೀಚರ್, ಮಧ್ಯಾಹ್ನ ಸ್ಟೂಡೆಂಟ್. ಗೆಳೆತನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಪ್ರೊಫೆಸರರ ಹತ್ತಿರ ವಿದ್ಯಾರ್ಥಿಗಳು ಸುಮ್ಮನೆ ಹರಟೆಗೆ ಕೂರುವುದಿಲ್ಲ, ಸಹಾಯಕರ ಹತ್ತಿರ ಕೂರುತ್ತಾರೆ. ಚಹಾ ಕುಡಿಯುತ್ತಾ ಭಾಷೆ ಮಾತಾಡಿಸುವುದು, ಸಿನಿಮಾ ತೋರಿಸುವುದು, ಹಬ್ಬಕ್ಕೆ ನಾಲ್ಕು ಜನರನ್ನು ಸೇರಿಸುವುದು, ಇವೂ ಅಲ್ಲಿ ಕೆಲಸದ ಭಾಗವೇ.

ಇದೇ ಯೋಜನೆಯಲ್ಲಿ ಅರಬ್ಬಿ, ತುರ್ಕಿ, ಸ್ವಾಹಿಲಿ ಕಲಿಸಲು ಬೇರೆ ಬೇರೆ ದೇಶಗಳಿಂದಲೂ ನಿಮ್ಮಂಥವರೇ ಬಂದಿರುತ್ತಾರೆ. ಅವರಿಗೂ ಊರು ಹೊಸತು, ಚಳಿ ಹೊಸತು, ಇಂಗ್ಲಿಷ್ ಮನೆಯ ಭಾಷೆಯಲ್ಲ. ಅಮೆರಿಕದಲ್ಲಿ ಮೊದಲ ಗೆಳೆಯ ಅಮೆರಿಕದವನೇ ಆಗಬೇಕೆಂದು ಯಾರು ಹೇಳಿದ್ದು? ಕೀನ್ಯಾದವಳೊಬ್ಬಳ ಜೊತೆ ಕೂತು ಅನ್ನ ಬೇಯಿಸಿದರೆ ಸಾಕು. ‘ಊಟ ಆಯ್ತಾ?’ ಎಂದು ನಾವು ಯಾಕೆ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತೇವೆ ಎಂದು ವಿವರಿಸುವುದಕ್ಕೇ ಒಂದು ಸಂಜೆ ಹಿಡಿಯುತ್ತದೆ.

ಇದೆಲ್ಲ ಪೇಟೆಯ ಕಾನ್ವೆಂಟ್ ಮಕ್ಕಳಿಗೆ ಆಗುವಂಥದ್ದು ಅನ್ನುವವರು ಬೆಳ್ತಂಗಡಿ ತಾಲೂಕಿನ ಮಾಚಾರನ್ನು ನೆನಪಿಸಿಕೊಳ್ಳಿ. ಉಜಿರೆ ಹತ್ತಿರದ ಊರು. ಅಲ್ಲಿಯ ಕೃಷಿಕ, ಸಿರಿ ಪಾಡ್ದನದ ಹಾಡುಗಾರ ಗೋಪಾಲ ನಾಯ್ಕರಿಂದ 1990ರ ಡಿಸೆಂಬರಿನಲ್ಲಿ ಫಿನ್‌ಲ್ಯಾಂಡಿನ ವಿದ್ವಾಂಸ ಲೌರಿ ಹೊನ್ಕೊ ಅವರ ತಂಡ ಸಿರಿಯ ಕಥೆಯನ್ನು ಪೂರ್ತಿ ಧ್ವನಿಮುದ್ರಿಸಿಕೊಂಡಿತು. ಒಟ್ಟು 15,683 ಸಾಲು. 1998ರಲ್ಲಿ ಫಿನ್‌ಲ್ಯಾಂಡಿನಿಂದ ಪುಸ್ತಕವಾಗಿ ಬಂತು. ಹೊನ್ಕೊ, ಅವರ ಮಡದಿ ಅನ್ನೆಲಿ, ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ವರ್ಷಗಟ್ಟಲೆ ಜೊತೆಯಾಗಿ ಕೂತು ಮಾಡಿದ ಕೆಲಸ ಅದು. ಅಷ್ಟು ಕಾಲ ಅವರನ್ನು ಒಟ್ಟಿಗೆ ಕೂರಿಸಿದ್ದು ತುಳು.

ವಿವೇಕ ರೈಯವರು ಬಂಟ್ವಾಳ ತಾಲೂಕಿನ ಪುಣಚದವರು. ಎರಡು ವಿಶ್ವವಿದ್ಯಾನಿಲಯಗಳಿಗೆ ಕುಲಪತಿಯಾದ ಮೇಲೆ ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ಅತಿಥಿ ಪ್ರಾಧ್ಯಾಪಕರಾಗಿ ಕನ್ನಡ ಕಲಿಸಿದರು. ಅಲ್ಲಿ ಭಾರತೀಯ ಅಧ್ಯಯನದ ಪ್ರಾಧ್ಯಾಪಕಿಯಾಗಿದ್ದ ಹೈಡ್ರೂನ್ ಬ್ರೂಕ್ನರ್ ನಮ್ಮ ಪಾಡ್ದನಗಳ ಮೇಲೆ ಸಂಶೋಧನೆ ಮಾಡಿದವರು. ಅವರು ಸಹಾಯಕರಲ್ಲ, ದೊಡ್ಡ ವಿದ್ವಾಂಸರು, ಒಪ್ಪಿದೆವು. ಆದರೆ ದಾರಿ ಅದೇ: ಹೊರಗಿನವರು ನಮ್ಮನ್ನು ಹುಡುಕಿಕೊಂಡು ಬಂದದ್ದು ನಮ್ಮ ಭಾಷೆಗಾಗಿ. ಅದನ್ನೇ ಅಡಗಿಸಿಟ್ಟು, ಅವರ ಹಾಗೇ ಇಂಗ್ಲಿಷ್ ಮಾತಾಡಲು ಹೆಣಗಿದರೆ ನಮ್ಮ ಹತ್ತಿರ ಕೇಳಲು ಅವರಿಗೆ ಏನು ಉಳಿಯುತ್ತದೆ?

ಇನ್ನೊಂದು ಮಾತು, ಸ್ವಲ್ಪ ಖಾರ. ನಮ್ಮ ತಾಲೂಕುಗಳಿಂದ ಗಲ್ಫಿಗೆ ಹೋದ ಡ್ರೈವರ್ ಅಣ್ಣಂದಿರನ್ನು ನೋಡಿ. ಊರಿಗೆ ಬಂದಾಗ ಮಲಯಾಳ ಬರುತ್ತದೆ, ಹಿಂದಿ ಬರುತ್ತದೆ, ಅರಬ್ಬಿಯಲ್ಲಿ ಲೆಕ್ಕ ಹೇಳುತ್ತಾರೆ, ಫಿಲಿಪ್ಪೀನ್ಸ್‌ನ ರೂಮ್‌ಮೇಟ್‌ಗೆ ವಿಡಿಯೋ ಕಾಲ್ ಮಾಡಿ ತೋಟ ತೋರಿಸುತ್ತಾರೆ. ಅವರು ಯಾವ ಕೋರ್ಸೂ ಮಾಡಿಲ್ಲ. ಡಿಗ್ರಿ ಆದ ನಾವೇ ವ್ಯಾಕರಣ ತಪ್ಪಿದರೆ ಮಾನ ಹೋಯಿತೆಂದು ಬಾಯಿ ಮುಚ್ಚಿ ಕೂರುವವರು. ವಿದೇಶಕ್ಕೆ ಹೋದರೂ ನಮ್ಮೂರಿನವರ ಗುಂಪು ಹುಡುಕಿ, ಅದರೊಳಗೇ ಇದ್ದು, ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದೆ ವಾಪಸು ಬರುವವರೂ ಇದ್ದಾರೆ. ಊರಿನ ಸಂಘ ತಪ್ಪಲ್ಲ, ಜ್ವರ ಬಂದಾಗ ಗಂಜಿ ಕೊಡುವವರು ಅವರೇ. ಆದರೆ ಒಂಬತ್ತು ತಿಂಗಳೂ ಅದೇ ಆದರೆ ಬಿ.ಸಿ. ರೋಡಿನಲ್ಲೇ ಇರಬಹುದಿತ್ತಲ್ಲ!

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ಕೊಂಕಣಿ ಕೇಳಿ ಬೆಳೆದವರು ನಾವು. ಎದುರಿನವರ ಮಾತು ಅರ್ಧ ಅರ್ಥವಾದರೂ ಸಂಸಾರ ನಡೆಸುವ ಅಭ್ಯಾಸ ನಮಗೆ ಹುಟ್ಟಿನಿಂದ ಉಂಟು. ಒಂದೇ ಭಾಷೆಯಲ್ಲಿ ಬೆಳೆದವರಿಗೆ ಇದು ಸುಲಭಕ್ಕೆ ಬರುವುದಿಲ್ಲ.

ಅಡ್ಡಿಗಳೂ ಇವೆ, ಮುಚ್ಚಿಡುವುದಿಲ್ಲ. ಈ ಯೋಜನೆಗೆ ವಯಸ್ಸು 21ರಿಂದ 29ರೊಳಗೆ ಇರಬೇಕು. ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಲು ಆಗುವುದಿಲ್ಲ. ಮುಗಿದ ಮೇಲೆ ಊರಿಗೆ ಮರಳಲೇಬೇಕು. ಭಾರತದ ಯಾವ ಭಾಷೆಗಳಿಗೆ ಕರೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಹಾಗಾಗಿ ಯುಸೀಫ್ ಎಂದು ಕರೆಯುವ ಭಾರತ-ಅಮೆರಿಕ ಶಿಕ್ಷಣ ಪ್ರತಿಷ್ಠಾನದ ವೆಬ್‌ಸೈಟಿನಲ್ಲಿ ಆಯಾ ವರ್ಷದ ಪ್ರಕಟಣೆಯನ್ನೇ ಓದಿ, ಯಾರೋ ವಾಟ್ಸ್‌ಆಪ್‌ನಲ್ಲಿ ಕಳಿಸಿದ್ದನ್ನಲ್ಲ. ಏಜೆಂಟರಿಗೆ ದುಡ್ಡು ಕೊಡಬೇಡಿ.

ನಮ್ಮ ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಬ್ಯಾಂಕ್ ಪರೀಕ್ಷೆಯ ಜಾಹೀರಾತು ಕಾಣುತ್ತದೆ, ಇದು ಕಾಣುವುದಿಲ್ಲ. ನಾವು ಓದುತ್ತಿದ್ದಾಗ ಯಾರೂ ನಮಗೆ ಹೇಳಲಿಲ್ಲ. ಆ ಉಪನ್ಯಾಸಕಿಗೆ ಈಗ 28. ಮುಂದಿನ ಪ್ರಕಟಣೆ ಬಂದಾಗ ಅವರ ಅರ್ಜಿಯನ್ನು ಒಟ್ಟಿಗೆ ಕೂತು ತುಂಬಿಸುವುದೆಂದು ಮಾತಾಗಿದೆ. ಜೊತೆಗೆ ಕೂರುವವರಿದ್ದರೆ ಬನ್ನಿ, ಡಿಗ್ರಿ ಸರ್ಟಿಫಿಕೇಟು, ಆಧಾರ್ ಹಿಡಿದುಕೊಂಡು. ಪಾಸ್‌ಪೋರ್ಟ್ ಇಲ್ಲದವರು ಅದನ್ನು ಇವತ್ತೇ ಶುರು ಮಾಡಿ.